ಅವಳದಕ್ಕಿಂತ ಹಗುರ

"ಮತ್ತೆ ನಡುವೆ ಮಾತಾಡಿಸಿದೆ. ಮತ್ತೆ ಎಣಿಕೆ ತಪ್ಪಿತು," ಎಂದರು ಚಂಪಕ್ಕ.

ಚಂಪಕ್ಕ ಧಾರವಾಡದಲ್ಲಿ ಹೆಂಗಸರಿಗೆ ಕಸೂತಿ ಕಲಿಸುವ ಗುರು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯಬೇಕು. ಒಂದು ಎಳೆ ತಪ್ಪಿದರೆ ಹಾಕುತ್ತಿರುವ ಗೋಪುರದ ಚಿತ್ತಾರ ವಾಲುತ್ತದೆ.

ಶಿಷ್ಯೆ ಕಸ್ತೂರಿಗೆ ಇದು ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ.

"ಅಕ್ಕಾ, ದಿನದ ಕೆಲಸಕ್ಕೆ ಮಡಚುವ ಲ್ಯಾಪ್‌ಟಾಪ್ ತಗೋಬೇಕು. ಪೂರ್ತಿ ಹಿಂದಕ್ಕೆ ಮಡಚಿದರೆ ಪಾಟಿಯ ಹಾಗೆ ಆಗುತ್ತದಲ್ಲ, ಅಂಥದ್ದು. ನನ್ನ ಮೈದುನನ ಹೆಂಡತಿ ಒಂದು ತಂದು ಮೆರೆಯುತ್ತಿದ್ದಾಳೆ. ಆ ನೆಗೆಣ್ಣಿಯದಕ್ಕಿಂತ ಹಗುರವಾದದ್ದನ್ನು ಆರಿಸುವುದು ಹೇಗೆ?"

ಚಂಪಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕತೆ ಹೇಳಿದರು.

ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರು. ಹಿರಿಸೊಸೆ ಕಸೂತಿ ಹಾಕುತ್ತಿದ್ದಳು. ಕಿರಿಸೊಸೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಒಂದು ದಿನ ಕಿರಿಯಳು ಮಡಚುವ ಲ್ಯಾಪ್‌ಟಾಪ್ ತಂದಳು. ಅದನ್ನು ಹಿಂದಕ್ಕೆ ಮಡಚಿ, ತೊಡೆಯ ಮೇಲಿಟ್ಟುಕೊಂಡು, ಅದರದೇ ಪೆನ್ನಿನಿಂದ ಪರದೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ಮನೆಗೆ ಬಂದವರನ್ನೆಲ್ಲ ಅತ್ತೆ ಕರೆದು ತೋರಿಸಿದಳು. ಹಿರಿಯಳ ಕಸೂತಿಯನ್ನು ಅತ್ತೆ ಹಾಗೆ ಯಾರಿಗೂ ತೋರಿಸಿರಲಿಲ್ಲ.

ಹಿರಿಸೊಸೆಗೆ ಹೊಟ್ಟೆ ಉರಿಯಿತು. ಕಿರಿಯಳು ಅದನ್ನು ಎತ್ತಿಕೊಂಡು ಹೊರಟಾಗಲೆಲ್ಲ, ರೊಟ್ಟಿ ಬಡಿಯುವ ಹಲಗೆ ಹೊತ್ತು ಹೊರಟಳು ಎಂದು ನೆರೆಯವರಿಗೆ ಕೇಳುವಂತೆ ಅನ್ನುತ್ತಿದ್ದಳು. ಕಿರಿಯಳು ನಕ್ಕು ತನ್ನ ದಾರಿ ಹಿಡಿಯುತ್ತಿದ್ದಳು. ಆ ನಗು ಇನ್ನಷ್ಟು ಉರಿಸುತ್ತಿತ್ತು.

ಊರಿನ ದೊಡ್ಡ ಮನೆಯಲ್ಲಿ ಮದುವೆ ಗೊತ್ತಾಯಿತು. ಮದುಮಗಳ ಸೀರೆಗೆ ಕಸೂತಿ ಹಾಕಿಸಬೇಕಿತ್ತು. ಆ ಮನೆಯ ಸೀರೆ ತನ್ನ ಕೈಗೆ ಬರಬೇಕೆಂಬುದು ಹಿರಿಸೊಸೆಯ ಬಹಳ ದಿನದ ಆಸೆ. ಅಷ್ಟು ಕಾಲ ಅವಳು ಗ್ರಾಫ್ ಹಾಳೆಯಲ್ಲಿ ವಿನ್ಯಾಸ ಬರೆದು ತೋರಿಸಿ ಒಪ್ಪಿಗೆ ಪಡೆಯುತ್ತಿದ್ದಳು. ಈ ಸಲ ಮದುಮಗಳ ತಾಯಿಗೆ, ಹಾಳೆಯ ಕಾಲ ಮುಗಿಯಿತು, ಮುಂದಿನ ವಾರ ಬನ್ನಿ, ನಿಮ್ಮ ಕಣ್ಣೆದುರಿಗೇ ಲ್ಯಾಪ್‌ಟಾಪಿನಲ್ಲಿ ಬರೆದು ತೋರಿಸುತ್ತೇನೆ ಎಂದಳು. ಕಿರಿಯಳಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು.

ಗಂಡನನ್ನು ಒಪ್ಪಿಸಿ ಅಂಗಡಿಗೆ ಹೋದಳು. ಅಂಗಡಿಯವನು ಕೆಲವನ್ನು ಮುಂದಿಟ್ಟು, ಯಾವ ಕೆಲಸಕ್ಕೆ ಬೇಕು ಎಂದು ಕೇಳಿದ. ಅವಳ ಗಮನವೆಲ್ಲ ತೂಕದ ಮೇಲಿತ್ತು. ಬದನೆಕಾಯಿ ಆರಿಸುವವಳಂತೆ ಒಂದೊಂದನ್ನೂ ಅಂಗೈಯಲ್ಲಿ ಎತ್ತಿ ನೋಡಿದಳು. ಅವುಗಳಲ್ಲಿ ಒಂದು ಹಪ್ಪಳದಷ್ಟು ಹಗುರವಿತ್ತು. ಹಿಂದಕ್ಕೂ ಮಡಚುತ್ತಿತ್ತು. ಕಿರಿಯಳದು ಯಾವ ಕಂಪನಿಯದೆಂದು ಹೇಳಿ, ಇದು ಅದಕ್ಕಿಂತ ಹಗುರವೇ ಎಂದು ವಿಚಾರಿಸಿದಳು.

"ಹಗುರವೇ ಅಕ್ಕಾರೆ. ಆದರೆ ನೀವು ಪೆನ್ನಿನಲ್ಲಿ ಬರೆಯುವುದಿದ್ದರೆ..."

"ಅಷ್ಟು ಸಾಕು. ಕಟ್ಟಿಕೊಡಿ."

ವಾರವಿಡೀ ಅವಳು ಅದನ್ನು ಎರಡೇ ಬೆರಳಲ್ಲಿ ಹಿಡಿದು ಕಿರಿಯಳ ಮುಂದೆ ಓಡಾಡಿದಳು. ತೆರೆದಳು, ಮಡಚಿದಳು, ಅತ್ತೆಗೆ ಕಾಣುವಂತೆ ಪಡಸಾಲೆಯಲ್ಲಿ ನಿಲ್ಲಿಸಿದಳು. ಅದರಲ್ಲಿ ಒಂದು ಗೆರೆಯನ್ನೂ ಎಳೆದು ನೋಡಲಿಲ್ಲ.

ಮದುಮಗಳ ತಾಯಿ ಸೀರೆಯೊಂದಿಗೆ ಬಂದಳು. ಸೆರಗಿಗೆ ಗೋಪುರ ಬೇಕು ಎಂದಳು. ಹಿರಿಸೊಸೆ ಲ್ಯಾಪ್‌ಟಾಪನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಅದಕ್ಕೆ ಪೆನ್ನು ಇರಲಿಲ್ಲ. ಬೆರಳಿನಿಂದ ಬರೆದಳು. ಪರದೆಯ ಮೇಲಿನ ಗ್ರಾಫಿನಲ್ಲಿ ಒಂದು ಚೌಕ ತುಂಬಲು ಹೋದರೆ ಪಕ್ಕದ ಚೌಕಗಳೂ ತುಂಬಿದವು. ಚೌಕ ದೊಡ್ಡದು ಮಾಡಿಕೊಂಡರೆ ಗೋಪುರ ಪರದೆಯ ಆಚೆಗೆ ಹೋಯಿತು. ಹಗುರವಾದದ್ದರಿಂದ ಒತ್ತಿದ ಕಡೆಗೆಲ್ಲ ಅದು ಜಾರಿತು. ಕೊನೆಗೆ ಪರದೆಯ ಮೇಲೆ ಉಳಿದದ್ದು ಗೋಪುರವಲ್ಲ, ಹುತ್ತ.

ಆಗ ಕಿರಿಸೊಸೆ ಒಳಗಿನಿಂದ ತನ್ನದನ್ನು ತಂದು ಮುಂದೆ ಹಿಡಿದಳು.

"ಅಕ್ಕಾ, ಇದರಲ್ಲಿ ಬರೀರಿ. ಪೆನ್ನು ಇದೆ. ನನಗೆ ಸಂಜೆಯವರೆಗೆ ಬೇಡ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಹಿರಿಯಳಿಗೆ ತಡೆಯಲಾಗದೆ ಹೋದದ್ದು ಅದೇ.

"ಆ ಹಲಗೆಯನ್ನು ಯಾರು ಹೊರುತ್ತಾರೆ? ನನ್ನದು ಹಗುರ ಇದೆ," ಎಂದಳು.

ಮದುಮಗಳ ತಾಯಿ ಇಬ್ಬರನ್ನೂ ನೋಡಿದಳು. ಪರದೆಯ ಮೇಲಿನ ಹುತ್ತವನ್ನೂ ನೋಡಿದಳು. ಮತ್ತೆ ಬರುತ್ತೇನೆ ಎಂದು ಹೇಳಿ, ಬಿಚ್ಚಿಟ್ಟಿದ್ದ ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮತ್ತೆ ಬರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಕಸ್ತೂರಿ ನಕ್ಕಳು.

"ಅವಳು ದಡ್ಡಿ ಅಕ್ಕಾ. ನಾನು ಹಾಗೆ ಮಾಡುವುದಿಲ್ಲ. ಹಗುರವೂ ಇರಬೇಕು, ಪೆನ್ನೂ ಇರಬೇಕು, ಅಂಥದ್ದನ್ನೇ ತರುತ್ತೇನೆ. ಆಗ ನನ್ನ ನೆಗೆಣ್ಣಿಯ ಮುಖ ಹೇಗಾಗುತ್ತದೋ ನೋಡೋಣ."

ಚಂಪಕ್ಕ ಸೂಜಿ ಎತ್ತಿಕೊಂಡು, ಎಣಿಕೆ ತಪ್ಪಿದ ಎಳೆಯನ್ನು ಹುಡುಕಿದರು. ಮತ್ತೆ ಎಣಿಸುವ ಮೊದಲು ಒಂದೇ ಒಂದು ಮಾತು ಕೇಳಿದರು.

"ನಿನ್ನ ನೆಗೆಣ್ಣಿ ನಾಳೆ ತನ್ನದನ್ನು ಮಾರಿಬಿಟ್ಟರೆ, ಆಗ ನಿನ್ನ ಕೆಲಸಕ್ಕೆ ಯಾವುದು ಬೇಕು?"