ತೊಳೆದುಕೊಂಡು ಬಂದ ಕಾಲು

ಹೊಳೆ ದಂಡೆಯ ಆಶ್ರಮದಲ್ಲಿ ಇನ್ನಾಸಪ್ಪ ಸ್ವಾಮಿಗಳೆಂಬ ವಯಸ್ಸಾದ ಪಾದ್ರಿಗಳಿದ್ದರು. ಅವರ ಶಿಷ್ಯ ಚೌರಪ್ಪ ಹತ್ತಿರದ ಊರಿನ ಪುರಸಭೆಯಲ್ಲಿ ಮುಖ್ಯಾಧಿಕಾರಿ.

ಪವಿತ್ರ ಗುರುವಾರದ ಬೆಳಿಗ್ಗೆ ಚೌರಪ್ಪ ಬ್ಯಾಗು ಹೊತ್ತು ಬಂದ. ಮುಖ ಬಾಡಿಹೋಗಿತ್ತು.

"ಸಾಕಾಯ್ತು ಸ್ವಾಮಿ. ಕೆಲಸ ಬಿಟ್ಟು ಇಲ್ಲೇ ಇದ್ದುಬಿಡ್ತೀನಿ. ಆ ಕುರ್ಚಿ ಮೇಲೆ ಕೂತು ದೇವರಲ್ಲಿ ವಿಶ್ವಾಸ ಉಳಿಸಿಕೊಳ್ಳೋಕಾಗಲ್ಲ."

ಗುರುಗಳು ನೀರೊಲೆಗೆ ಸೌದೆ ತುರುಕುತ್ತಿದ್ದರು. ಹೊಗೆಗೆ ಕಣ್ಣು ಕಿರಿದು ಮಾಡಿ ಕೇಳಿದರು, "ಇವತ್ತೇ ಯಾಕೆ ಬಂದೆ?"

"ಹಬ್ಬಕ್ಕೆ ರಜೆ ಹಾಕಿದೆ."

"ಈಸ್ಟರ್ ಹಬ್ಬ ಭಾನುವಾರ."

ಚೌರಪ್ಪ ಬ್ಯಾಗು ಕೆಳಗಿಟ್ಟ. ಗುರುಗಳಿಗೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ಬಸ್ ಸ್ಟ್ಯಾಂಡ್ ಮುಂದೆ ಮ್ಯಾನ್‌ಹೋಲ್ ಕಟ್ಟಿಕೊಂಡಿದೆ ಸ್ವಾಮಿ. ನಾಡಿದ್ದು ಮಂತ್ರಿಗಳು ಬರ್ತಾರೆ. ಮಷಿನ್ನಿಗೆ ಕಾಯೋಕಾಗಲ್ಲ, ನಾಳೆ ಪೌರಕಾರ್ಮಿಕ ಮಾದೇಶನ್ನ ಒಳಗೆ ಇಳಿಸಿ ಅಂತ ಅಧ್ಯಕ್ಷರು ಹಟ ಹಿಡಿದಿದ್ದಾರೆ."

"ಇಳಿದ್ರೆ ಏನಾಗುತ್ತೆ?"

"ಒಳಗೆ ಗ್ಯಾಸ್ ಇರುತ್ತೆ. ಮನುಷ್ಯರನ್ನ ಇಳಿಸೋ ಹಾಗೇ ಇಲ್ಲ. ಪಕ್ಕದೂರಲ್ಲಿ ಇಳಿದವನು ಮೇಲೆ ಬರಲೇ ಇಲ್ಲ."

"ನೀನು ಬೇಡ ಅಂದ್ಯಾ?"

"ನಾನು ಅಲ್ಲಿದ್ರೆ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು. ಇಲ್ಲಿದ್ರೆ ಎರಡೂ ಅನ್ನಬೇಕಾಗಿಲ್ಲ. ಪ್ರಾರ್ಥನೆ ಮಾಡ್ತೀನಿ."

ಗುರುಗಳು ಒಲೆ ಊದಿದರು. ಆಮೇಲೆ, "ಸಂಜೆ ಹನ್ನೆರಡು ಜನರ ಸಾಲಲ್ಲಿ ನೀನೂ ಕೂತ್ಕೋ" ಎಂದರು.

ಚೌರಪ್ಪನಿಗೆ ಸಮಾಧಾನವಾಯಿತು. ಅಂದು ಸಂಜೆಯ ಪೂಜೆಯಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸುಸ್ವಾಮಿ ಶಿಷ್ಯರ ಪಾದ ತೊಳೆದಂತೆ. ನಮ್ಮ ಕ್ರೈಸ್ತರ ಮರ್ಯಾದೆಯೋ ಮರ್ಯಾದೆ! ಪಾದ ತೊಳೆಸಿಕೊಳ್ಳಲು ಹೊರಟವರೆಲ್ಲ ಮೊದಲು ಮನೆಯಲ್ಲಿ ಚೆನ್ನಾಗಿ ತೊಳೆದುಕೊಂಡೇ ಹೋಗುತ್ತಾರೆ. ಚೌರಪ್ಪನೂ ಹೊಳೆಗಿಳಿದು ಸೋಪು ಹಚ್ಚಿ, ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ, ಉಗುರು ಕತ್ತರಿಸಿಕೊಂಡು ಬಂದ.

ಸಂಜೆ ಗುರುಗಳು ಸೊಂಟಕ್ಕೆ ಟವೆಲು ಬಿಗಿದು ಮಂಡಿಯೂರಿದರು. ಮೊಣಕಾಲು ಲಟಕ್ಕೆಂದಿತು. ದೋಣಿಯವನು, ಮೇಷ್ಟ್ರು, ಗಾರೆ ಕೆಲಸದವನು, ಒಬ್ಬೊಬ್ಬರ ಕಾಲನ್ನೂ ಬಿಸಿನೀರಲ್ಲಿ ತೊಳೆದು, ಒರೆಸಿ, ಮುತ್ತಿಟ್ಟು ಮುಂದೆ ಸರಿದರು.

ಕೊನೆಯವನು ಚೌರಪ್ಪ. ಗುರುಗಳು ಅವನ ಕಾಲು ಕೈಯಲ್ಲಿ ಹಿಡಿದು ನೋಡಿದರು. ಮೆಲ್ಲಗೆ ಕೆಳಗಿಟ್ಟರು. ನೀರು ಹಾಕಲಿಲ್ಲ.

"ಸ್ವಾಮಿ?" ಚೌರಪ್ಪ ಪಿಸುಗುಟ್ಟಿದ.

"ಇದು ತೊಳೆದಿದೆಯಲ್ಲ."

"ಎಲ್ಲರೂ ತೊಳೆದುಕೊಂಡೇ ಬಂದಿದ್ದಾರೆ."

"ಅವರು ಕೆಲಸ ಮುಗಿಸಿ ಬಂದವರು. ನೀನು ಕೆಲಸ ಬಿಟ್ಟು ಬಂದವನು."

ಬೇರೆ ಯಾರಿಗೂ ಆ ಮಾತು ಕೇಳಿಸಲಿಲ್ಲ. ಆದರೂ ಚೌರಪ್ಪನಿಗೆ ಅವಮಾನವಾಯಿತು, ಕೋಪವೂ ಬಂತು. ಮರುದಿನ ಗುರುಗಳಿಗೆ ಹೇಳದೆಯೇ ಮೊದಲ ಬಸ್ಸು ಹತ್ತಿದ.

ಶುಭಶುಕ್ರವಾರದ ಪ್ರಾರ್ಥನೆ ಮುಗಿದು ಜನ ಚದುರುವ ಹೊತ್ತಿಗೆ ಅವನು ತಿರುಗಿ ಬಂದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಚಪ್ಪಲಿ ಇರಲಿಲ್ಲ. ಹತ್ತಿರ ಬಂದವರು ಮೂಗು ಮುಚ್ಚಿಕೊಂಡು ದೂರ ಸರಿದರು. ಅವನು ಯಾರನ್ನೂ ನೋಡದೆ ನೇರ ಹೊಳೆಯ ಕಡೆ ನಡೆದ.

"ಹೊಳೆಗೆ ಹೋಗಬೇಡ," ಗುರುಗಳು ಜಗಲಿಯಿಂದ ಕೂಗಿದರು. "ಇಲ್ಲಿ ಬಾ. ಕೂತ್ಕೋ."

ಬಚ್ಚಲಿಂದ ಬಿಸಿನೀರಿನ ಬಕೆಟ್ಟು ಎಳೆದುಕೊಂಡು ಬಂದರು. ಕಂಬ ಹಿಡಿದು, ಉಸ್ಸೆಂದು ಮಂಡಿಯೂರಿದರು.

"ಬೇಡ ಸ್ವಾಮಿ, ನಾರ್ತಿದೆ. ಇದು ಊರಿನ ಹೇಲು."

"ಕಾಲು ಕೊಡು."

ಚೌರಪ್ಪ ಕೊಟ್ಟ. ಗುರುಗಳು ಬೆರಳ ಸಂದಿಯ ಕೊಳೆಯನ್ನು ಬೆರಳಿಂದಲೇ ತೆಗೆದರು.

"ಮಾದೇಶ?"

"ಮನೇಲಿದ್ದಾನೆ. ಮುಚ್ಚಳ ತೆಗೆದು ಹಗ್ಗ ಕಟ್ಟಿದ್ರು. ನಾನು ಮ್ಯಾನ್‌ಹೋಲ್ ಬಾಯಿಗೆ ಅಡ್ಡ ನಿಂತೆ. ಮಷಿನ್ ಬರೋ ತನಕ ಕೊಳಚೆಯೆಲ್ಲಾ ರಸ್ತೆಗೆ ಉಕ್ತಾ ಇತ್ತು, ಅದರಲ್ಲೇ ನಿಂತಿದ್ದೆ. ಅಧ್ಯಕ್ಷರು ಜನರ ಮುಂದೆ ಬಾಯಿಗೆ ಬಂದ ಹಾಗೆ ಬೈದ್ರು. ಎತ್ತಂಗಡಿ ಮಾಡಿಸ್ತಾರಂತೆ. ಮಾದೇಶನೂ ಬೈದ, ಅವನ ಕೂಲಿ ಹೋಯ್ತಂತೆ."

"ಹೂಂ."

"ಒಬ್ಬರೂ ಒಳ್ಳೇದು ಮಾಡಿದೆ ಅನ್ನಲಿಲ್ಲ ಸ್ವಾಮಿ."

"ನಿನ್ನೆ ಹನ್ನೊಂದು ಜನರ ಕಾಲು ತೊಳೆದೆ. ನನಗೂ ಯಾರೂ ಅನ್ನಲಿಲ್ಲ."

ಚೌರಪ್ಪನಿಗೆ ನಗು ಬಂತು. ನಗುತ್ತಲೇ ಅಳು ಬಂತು. ದಿನವಿಡೀ ತಡೆದುಕೊಂಡಿದ್ದ ಅಳು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಗುರುಗಳು ತಡೆಯಲಿಲ್ಲ. ಇನ್ನೊಂದು ಕಾಲು ತೊಳೆದರು, ಒರೆಸಿದರು, ಬಗ್ಗಿ ಮುತ್ತಿಟ್ಟರು.

"ಸೋಮವಾರ ಸಂತೆ ಬೀದೀಲಿ ಇನ್ನೊಂದು ಮ್ಯಾನ್‌ಹೋಲ್ ಬಾಯಿ ತೆಗೀತಾರೆ," ಚೌರಪ್ಪ ಕಣ್ಣೊರೆಸಿಕೊಂಡ. "ಮತ್ತೆ ಮತ್ತೆ ಹೀಗೆ ನಿಲ್ಲೋ ಶಕ್ತಿ ನನಗಿಲ್ಲ ಸ್ವಾಮಿ."

ಗುರುಗಳು ಏಳಲು ನೋಡಿದರು. ಆಗಲಿಲ್ಲ. ಶಿಷ್ಯನ ಭುಜ ಹಿಡಿದುಕೊಂಡು ಎದ್ದು, ಸ್ವಲ್ಪ ಹೊತ್ತು ಹಾಗೇ ನಿಂತು ಉಸಿರು ತೆಗೆದುಕೊಂಡರು.

"ಹೋಗಿ ಬಾ. ನೀರು ಕಾಯಿಸಿಟ್ಟಿರ್ತೀನಿ."