ದೇವರ ಎಣ್ಣೆ ಒರೆಸಿದ ಕಾಳಮ್ಮ

ಕಣ್ಣು ಒರೆಸ್ಕೋ ಕೂಸೇ, ಹೀಗೆ ಬಾ, ಈ ಅಜ್ಜಿ ಪಕ್ಕ ಮಲಗು. ಪೈಪು ಬಿಗಿಯೋ ಪಾನ ಮುಟ್ಟಬೇಡ, ಹೆಣ್ಣು ಹುಡುಗಿಗೆ ಕೊಳಾಯಿ ಕೆಲಸ ಯಾಕೆ ಅಂದನಾ ನಿನ್ನ ಚಿಕ್ಕಪ್ಪ? ಬೆಳಗಾಗಲಿ, ಅವನಿಗೆ ಇದೆ. ಈಗ ಕತೆ ಕೇಳು.

ಒಂದಾನೊಂದು ಕಾಲದಲ್ಲಿ, ನಿನ್ನ ಚಿಕ್ಕಪ್ಪನಂಥೋರೇ ತುಂಬಿಕೊಂಡಿದ್ದ ಒಂದು ಊರಲ್ಲಿ, ಮುದ್ದಾಚಾರಿ ಅಂತ ಒಬ್ಬ ಕೊಳಾಯಿ ಮೇಸ್ತ್ರಿ ಇದ್ದನಂತೆ. ಅಷ್ಟು ಹಿಂದೆ ಕೊಳಾಯಿ ಇತ್ತಾ ಅಂತ ಕೇಳಬೇಡ, ನನ್ನ ಕತೇಲಿ ಇತ್ತು. ಅವನಿಗೆ ಮೂರು ಮಕ್ಕಳು, ಸೋಮಾಚಾರಿ, ನಂಜಾಚಾರಿ, ಕೊನೇಲಿ ಕಾಳಮ್ಮ. ಆದರೆ ಮಕ್ಕಳೆಷ್ಟು ಮೇಸ್ತ್ರಿ ಅಂತ ಯಾರಾದರೂ ಕೇಳಿದರೆ ಇಬ್ಬರು ಅಂತಿದ್ದನಂತೆ. ಕಣ್ಣೆದುರಿಗೆ ಓಡಾಡೋ ಹುಡುಗೀನ ಲೆಕ್ಕಕ್ಕೇ ಇಟ್ಟಿರಲಿಲ್ಲ ಅಂದ್ರೆ ಆ ಮನುಷ್ಯನಿಗೆ ಏನನ್ನಬೇಕು ಹೇಳು.

ಅವನ ಹತ್ರ ಒಂದು ಚರ್ಮದ ಚೀಲ ಇತ್ತಂತೆ, ಅದರಲ್ಲಿ ಎರಡು ಪೈಪ್ ಪಾನ, ಗರಗಸ, ತಂತಿ ಬ್ರಷ್ಷು, ಪೈಪಿನ ತುದೀಲಿರೋ ತಿರುಪಿನ ಮರೆಗೆ ಸುತ್ತೋ ಸೆಣಬಿನ ನಾರು, ಎಲ್ಲಾ. ಕಾಳಮ್ಮನಿಗೆ ಆ ಚೀಲದ ಮೇಲೆ ಆಸೆ. ಅವಳಿಗೆ ಸಿಕ್ಕಿದ್ದು ಮಾತ್ರ ತೊಳೆಯೋ ಕೆಲಸ. ಪ್ರತಿ ವರ್ಷ ಆಯುಧ ಪೂಜೆಗೆ ಒಂದೊಂದನ್ನೂ ಉಜ್ಜಿ, ತುಕ್ಕು ಹಿಡೀದ ಹಾಗೆ ಎಣ್ಣೆ ಸವರಿ, ಕುಂಕುಮ ಇಟ್ಟು ಸಾಲಾಗಿ ಜೋಡಿಸೋಳಂತೆ. ಹಾಗೆ ಉಜ್ಜಿ ಉಜ್ಜಿ, ಯಾವುದರ ಹಲ್ಲು ಯಾವ ಕಡೆಗೆ, ಯಾವುದು ಎಲ್ಲಿ ಕಚ್ಚುತ್ತೆ ಅನ್ನೋದೆಲ್ಲ ಅವಳ ಬೆರಳಿಗೇ ಗೊತ್ತಾಗಿಹೋಗಿತ್ತಂತೆ. ಆಮೇಲೆ ಪೂಜೆ ಮುಗಿದ ಮೇಲೆ ಎಣ್ಣೆ ಒರೆಸಿಟ್ಟು ಕೆಲಸಕ್ಕೆ ಹೋಗ್ರಪ್ಪಾ ಅಂತ ಅಣ್ಣಂದಿರಿಗೆ ಹೇಳಿದರೆ, ದೇವರ ಎಣ್ಣೆ ಅದು, ಒರೆಸಿದರೆ ಪಾಪ, ನಿನಗೇನು ಗೊತ್ತು ಅಂತ ಗದರೋರಂತೆ. ದೇವರು ಇವರ ಕಿವೀಲಿ ಬಂದು ಹೇಳಿದ್ದನಾ?

ಹೀಗಿರುವಾಗ ಒಂದು ವರ್ಷ, ಪೂಜೆಯ ಮಾರನೇ ಬೆಳಿಗ್ಗೆ, ಊರಿನ ಹೆರಿಗೆ ಆಸ್ಪತ್ರೆಯ ಬಚ್ಚಲಲ್ಲಿ ಕಬ್ಬಿಣದ ಪೈಪಿನ ಮೂಲೆ ಜಾಯಿಂಟು ಬಿಟ್ಟುಕೊಂಡು ನೀರೆಲ್ಲ ನೆಲದ ಪಾಲಾಯ್ತಂತೆ. ಒಳಗೆ ಹನ್ನೆರಡು ಜನ ಬಾಣಂತಿಯರು, ಬಿಸಿನೀರಿಗೆ ಒಂದು ಚೊಂಬು ಇಲ್ಲ. ಸೂಲಗಿತ್ತಿ ರಾಚವ್ವ ಓಡಿ ಬಂದು ಮೇಸ್ತ್ರೀನ ಕರೆದಳಂತೆ. ಮುದ್ದಾಚಾರಿಗೆ ಸೊಂಟ ನೋವು. ಮಕ್ಕಳನ್ನ ಕರಕೊಂಡು ಹೋಗಿ, ಇದನ್ನ ಯಾರು ನಿಲ್ಲಿಸ್ತೀರೋ ಚೀಲ ಅವರದು ಅಂದನಂತೆ. ಹಿಂದೆಯೇ ಬಂದಿದ್ದ ಕಾಳಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡಳು.

ಮೊದಲು ಸೋಮಾಚಾರಿ ನುಗ್ಗಿದನಂತೆ. ನೀರಿನ ವಾಲ್ವ್ ಮುಚ್ಚಲಿಲ್ಲ, ಎಣ್ಣೆ ಒರೆಸಲಿಲ್ಲ, ಕುಂಕುಮದ ಸಮೇತ ಒಂದೇ ಪಾನ ಹಾಕಿ ಜಗ್ಗಿದನಂತೆ. ಕೈ ಜಾರಿ ಗೋಡೆಗೆ ಬಡಿದು ನಾಲ್ಕು ಬೆರಳಿನ ಗೆಣ್ಣೂ ಕಿತ್ತುಹೋಯ್ತು, ಅಲುಗಾಡಿದ ಪೈಪು ಇನ್ನೂ ಜೋರಾಗಿ ಸುರೀತು.

ಆಮೇಲೆ ನಂಜಾಚಾರಿ. ಅವನು ಜಾಣ ನೋಡು, ಪ್ಲಾಸ್ಟಿಕ್ ಪೈಪಿಗೆ ಹಚ್ಚೋ ಅಂಟು ತಂದು ಒದ್ದೆ ಕಬ್ಬಿಣಕ್ಕೆ ಬಳಿದನಂತೆ. ಹಿಡಿಯುತ್ತಾ ಅದು? ಹಿಡೀಲಿ ಅಂತ ಕಾಯ್ತಾ, ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ, ಅಂಟಿನ ಡಬ್ಬಿ ತೆರೆದಿಟ್ಟು, ಬೀಡಿ ಹಚ್ಚಿದನಂತೆ. ಅಂಟಿನ ಆವಿಗೆ ಕಿಡಿ ತಗುಲಿ ಭಗ್ ಅಂತು. ಮೀಸೆ ಹೋಯ್ತು, ಹುಬ್ಬು ಹೋಯ್ತು. ರಾಚವ್ವ ದಪ್ಪ ಕಂಬಳಿ ಎಸೆದು ಬೆಂಕಿ ಆರಿಸದಿದ್ರೆ ಹಸುಗೂಸುಗಳ ಗತಿ ಏನಾಗ್ತಿತ್ತೋ. ನೆನೆಸ್ಕೊಂಡ್ರೆ ಈಗಲೂ ನನ್ನ ಮೈ ಉರಿಯುತ್ತೆ.

ಇನ್ಯಾರೂ ಇಲ್ಲ ಅಂತ ಮುದ್ದಾಚಾರಿ ತಲೆ ಮೇಲೆ ಕೈ ಹೊತ್ತು ಕೂತನಂತೆ. ಆಗ ರಾಚವ್ವ ಸೊಂಟಕ್ಕೆ ಕೈ ಇಟ್ಟು ಕೇಳಿದಳು.

“ಮೇಸ್ತ್ರಿ, ನಿನ್ನ ಮನೇಲಿ ಮೂರು ಹೆರಿಗೆ ಮಾಡಿಸಿದೀನಿ. ಮೂರನೇದು ಎಲ್ಲಿ?”

ಅವನು ಬಾಯಿ ತೆರೆಯೋದ್ರೊಳಗೆ ಕಾಳಮ್ಮ ಒಳಗೆ ಬಂದಾಗಿತ್ತು. ಮೊದಲು ಕಿಟಕಿ ತೆರೆದಳಂತೆ, ವಾಲ್ವ್ ಮುಚ್ಚಿದಳಂತೆ. ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೆ ಏರಿಸಿ ಬಟ್ಟೆ ಸುತ್ತಿ, ಪಾನಗಳ ಎಣ್ಣೆ ಒರೆಸಿದಳಂತೆ. ಪಾಪ ಪಾಪ ಅಂತ ಅಣ್ಣಂದಿರು ಅಂದರೆ, ಬರಲಿ, ನನಗೇ ಬರಲಿ ಅಂದಳಂತೆ. ಆಮೇಲೆ ಜಾಯಿಂಟು ಬಿಚ್ಚಿ, ಮರೆ ತಿಕ್ಕಿ, ಬಿಗಿಯೋ ಕಡೆಗೇ ನಾರು ಸುತ್ತಿ, ಒಂದು ಪಾನದಲ್ಲಿ ಪೈಪು ಅಲುಗದಂತೆ ಹಿಡಿದು ಇನ್ನೊಂದರಲ್ಲಿ ಬಿಗಿದಳಂತೆ. ವಾಲ್ವ್ ನಿಧಾನಕ್ಕೆ ಬಿಟ್ಟು, ಕೆಳಗೆ ಒಣ ಕಾಗದ ಹಾಸಿದರೆ, ಎಷ್ಟು ಹೊತ್ತಾದರೂ ಕಾಗದಕ್ಕೆ ಒಂದು ಹನಿ ಬೀಳಲಿಲ್ಲ. ಅತ್ತ ಒಲೆ ಮೇಲೆ ಹಂಡೆ ಏರಿತು.

ಸಂತೋಷ ಪಡಬೇಡ ಕೂಸೇ, ತಡಿ. ಊರೋರು ಬಂದು ಹಾರ ಹಾಕಿದ್ದು ಯಾರಿಗೆ ಗೊತ್ತಾ? ಕೈಗೆ ಪಟ್ಟಿ ಕಟ್ಕೊಂಡಿದ್ದ ಸೋಮಾಚಾರಿಗೆ, ಅವನೇ ಸರಿಮಾಡಿದ್ದು ಅಂದ್ಕೊಂಡು. ಚೀಲ ಸೇರಿದ್ದೂ ಅವನ ಹೆಗಲಿಗೇ. ಮಾತು ಕೊಟ್ಟಿದ್ದು ಗಂಡುಮಕ್ಕಳಿಗೆ ತಾನೇ, ನೀನು ಎಂದಿನ ಹಾಗೆ ತೊಳಕೊಂಡಿರು ಅಂದನಂತೆ ಅಪ್ಪ. ಕಾಳಮ್ಮ ಅಳಲಿಲ್ಲ, ಕೂಗಾಡಲಿಲ್ಲ.

“ಚೀಲ ಯಾರದೋ ತೊಳೆಯೋದೂ ಅವರದೇ ಅಪ್ಪಾ,” ಅಂದವಳು, ಆಮೇಲೆ ಆ ಚೀಲದ ದಾರನೂ ಮುಟ್ಟಲಿಲ್ಲವಂತೆ.

ವರ್ಷ ಕಳೀತು, ಮತ್ತೆ ಆಯುಧ ಪೂಜೆ ಬಂತು. ಮುದ್ದಾಚಾರಿ ಚೀಲ ಬಿಚ್ಚಿದರೆ, ಪಾನಗಳು ತುಕ್ಕು ಹಿಡಿದು ಬಾಯಿ ತೆರೆಯೊಲ್ಲ, ಅಂಟು ಡಬ್ಬಿಯಲ್ಲೇ ಕಲ್ಲಾಗಿದೆ, ಗರಗಸಕ್ಕೆ ಬ್ಲೇಡು ಹಿಂದುಮುಂದಾಗಿ ಹಾಕಿದೆ. ಹೆಣ್ಣು ಮಾಡೋ ಕೆಲಸ ನಮಗೆ ಬರಲ್ಲ ಅಂತ ಗಂಡುಮಕ್ಕಳು ಎದ್ದು ಹೋದರಂತೆ. ಮುದುಕ ತಾನೇ ಕೂತು ಮಧ್ಯಾಹ್ನದವರೆಗೂ ಉಜ್ಜಿದ. ಉಜ್ಜುತ್ತಾ ಉಜ್ಜುತ್ತಾ ಅವನಿಗೆ ಹೊಳೀತಂತೆ, ಇಷ್ಟು ವರ್ಷ ತನ್ನ ಕೆಲಸ ಕೆಡದ ಹಾಗೆ ಕಾದಿದ್ದು ಯಾರು ಅಂತ. ಪೂಜೆ ಮುಗಿಸಿ, ಮಾರನೇ ಬೆಳಿಗ್ಗೆ ತನ್ನ ಹೊಸ ಪಂಚೆಯಲ್ಲೇ ಒಂದೊಂದು ಪಾನದ ಎಣ್ಣೆ ಒರೆಸಿ, ಚೀಲ ತಂದು ಕಾಳಮ್ಮನ ಹೆಗಲಿಗೆ ತಾನೇ ಹಾಕಿದನಂತೆ. ಅಣ್ಣಂದಿರು ಅವಳ ಕೈಕೆಳಗೆ, ಬೀಡಿ ಹೊರಗಿಟ್ಟು, ಮೊದಲಿಂದ ಕೆಲಸ ಕಲಿತರಂತೆ. ಆಮೇಲೆ ಯಾರು ಕೇಳಿದರೂ ಮುದ್ದಾಚಾರಿ ಮಕ್ಕಳು ಮೂರು ಅಂತಿದ್ದನಂತೆ, ಕೇಳದೇ ಇದ್ದೋರಿಗೂ ಹೇಳ್ತಿದ್ದನಂತೆ.

ಅಲ್ಲಿಗೆ ಅವರೂ ಸುಖವಾಗಿದ್ದರು, ನೀರೂ ಸೋರಲಿಲ್ಲ, ನನ್ನ ಕತೇನೂ ಮುಗೀತು. ಬೆಳಿಗ್ಗೆ ನಿನ್ನ ಚಿಕ್ಕಪ್ಪ ಬಚ್ಚಲಲ್ಲಿ ಆ ಸೋರೋ ಕೊಳಾಯಿ ಮುಂದೆ ಪಾನ ಹಿಡಕೊಂಡು ಕೂತಾಗ ಹೋಗಿ, ವಾಲ್ವ್ ಮುಚ್ಚಿದೀಯಾ ಚಿಕ್ಕಪ್ಪ ಅಂತ ಕೇಳು. ಮುಚ್ಚಿರಲ್ಲ ಅವನು. ನೀನೇ ಮುಚ್ಚು, ನಾನು ಪಕ್ಕದಲ್ಲೇ ಇರ್ತೀನಿ.