ಬಟ್ಟೆಯಡಿಯ ಉಳಿ

ಒಬ್ಬ ಶಿಷ್ಯ ಕೇಳಿದ: "ಗುರುಗಳೇ, ನಾನೇ ಕಷ್ಟಪಟ್ಟು ಕಂಡುಕೊಂಡದ್ದನ್ನು ನಾನು ಮುಚ್ಚಿಟ್ಟುಕೊಂಡರೆ ಯಾರ ಗಂಟೇನು ಹೋಗುತ್ತದೆ?"

ಗುರು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬ ಕೆಲಸಗಾರನಿದ್ದ. ಪಂಪಿನ ಕೊಳವೆಯ ಒಳಮೈಯಲ್ಲಿ ರಬ್ಬರ್ ಬಳೆ ಕೂರುವಂಥ ಸಣ್ಣ ತೋಡು ಕೊರೆಯುವುದು ಅವನ ಕೆಲಸ. ಅಂಗಡಿಯಲ್ಲಿ ಸಿಗುವ ಉಳಿ ಅಲ್ಲಿಗೆ ಎಟುಕುತ್ತಿರಲಿಲ್ಲ. ಅವನು ಸವೆದ ಡ್ರಿಲ್ಲೊಂದನ್ನು ಸಾಣೆಗೆ ಹಿಡಿದು, ಹಕ್ಕಿಯ ಕೊಕ್ಕಿನಂಥ ಉಳಿಯೊಂದನ್ನು ತಾನೇ ಮಾಡಿಕೊಂಡ. ಉಳಿ ಚೆನ್ನಾಗಿತ್ತು. ಪಂಪಿನ ವ್ಯಾಪಾರಿ ತನ್ನ ಕೆಲಸವನ್ನೆಲ್ಲ ಅವನಿಗೇ ತಂದುಕೊಟ್ಟ.

ಪಕ್ಕದ ಅಂಗಡಿಯಲ್ಲಿ ಇನ್ನೊಬ್ಬನ ಲೇತ್ ಇತ್ತು. ಆ ಪಕ್ಕದವನು ಬಾಗಿಲಿಗೆ ಬಂದರೆ ಸಾಕು, ಕೆಲಸಗಾರ ಲೇತ್ ನಿಲ್ಲಿಸಿ, ಉಳಿ ಹಿಡಿದಿದ್ದ ತಿರುಪು ಸಡಿಲಿಸಿ, ಉಳಿಯನ್ನು ಕಳಚಿ ಬಟ್ಟೆಯಡಿಗೆ ಸೇರಿಸುತ್ತಿದ್ದ. ಅವನು ಹೋದ ಮೇಲೆ ಮತ್ತೆ ಬಿಗಿದುಕೊಳ್ಳುತ್ತಿದ್ದ.

ಒಂದು ದಿನ ವ್ಯಾಪಾರಿ ಕೊಳವೆಗಳನ್ನು ತಂದು ಕೆಲಸಗಾರನ ಮುಂದೆ ಸುರಿದ. "ಒಂದರಲ್ಲಿ ಬಳೆ ಹಿಡಿಯುತ್ತೆ, ಇನ್ನೊಂದರಲ್ಲಿ ಜಾರುತ್ತೆ. ಕೊಂಡವರ ಮನೆಯಲ್ಲೆಲ್ಲ ಪಂಪು ಸೋರ್ತಿದೆ. ಇನ್ನು ನಿನ್ನ ಹತ್ತಿರ ಯಾಕಪ್ಪ ಬರಲಿ?"

ಕೆಲಸಗಾರನಿಗೆ ಗಿರಾಕಿ ಕೈಬಿಟ್ಟುಹೋಗುವುದು ಕಂಡಿತು. "ನನ್ನ ಕೈಯಲ್ಲಿ ತಪ್ಪಿಲ್ಲ ಸಾವ್ಕಾರ್ರೇ," ಎಂದ. "ಪಕ್ಕದವನಿಗೆ ಹೊಟ್ಟೆಯುರಿ. ನಾನು ಊಟಕ್ಕೆ ಹೋದಾಗ ಬಂದು ಉಳಿ ಅಲ್ಲಾಡಿಸ್ತಾನೆ."

ಕಣ್ಣಾರೆ ಕಂಡದ್ದೇನೂ ಇರಲಿಲ್ಲ. ಬಾಯಿಗೆ ಬಂತು, ಹೇಳಿದ.

"ಹಾಗಾದರೆ ನನ್ನೆದುರಿಗೇ ಎರಡು ಕೊರಿ," ಎಂದು ವ್ಯಾಪಾರಿ ಸ್ಟೂಲು ಎಳೆದುಕೊಂಡು ಕೂತ.

ಮೊದಲನೆಯದರಲ್ಲಿ ಬಳೆ ಬಿಗಿಯಾಗಿ ಕೂತಿತು. ಎರಡನೆಯ ಕೊಳವೆಯನ್ನು ಲೇತಿಗೆ ಹಾಕುವಷ್ಟರಲ್ಲಿ ಪಕ್ಕದವನು ಬೀಡಿ ಕಚ್ಚಿಕೊಂಡು ಬಾಗಿಲಿಗೆ ಬಂದ. ಕೆಲಸಗಾರನ ಕೈ ತನ್ನಷ್ಟಕ್ಕೆ ತಾನೇ ಹೋಗಿ ತಿರುಪು ಸಡಿಲಿಸಿತು. ಉಳಿ ಬಟ್ಟೆಯಡಿಗೆ ಹೋಯಿತು.

ವ್ಯಾಪಾರಿ ಅದನ್ನು ನೋಡಿದ. ಮೆಲ್ಲಗೆ ಕೇಳಿದ: "ಈಗ ಅಲ್ಲಾಡಿಸಿದ್ದು ಯಾರಪ್ಪ?"

ಕಳಚಿದ ಉಳಿ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ. ಕೂದಲೆಳೆಯಷ್ಟು ಸರಿದರೂ ತೋಡಿನ ಆಳ ಬದಲಾಗುತ್ತದೆ. ಅಷ್ಟು ತಿಳಿಯದ ಕೆಲಸಗಾರ ಅವನಲ್ಲ.

ಪಕ್ಕದವನಿಗೆ ಇದೊಂದೂ ತಿಳಿಯಲಿಲ್ಲ. "ಬೆಂಕಿಪೊಟ್ಟಣ ಇದ್ಯೇನಣ್ಣ? ದಿನಾ ನಿನ್ನನ್ನೇ ಕಾಡೋದಾಯ್ತು," ಎಂದ. ಬೀಡಿ ಹಚ್ಚಿಕೊಂಡು, "ಆಗಲೇ ಗೋಡೆಯಾಚೆ ನನ್ನ ಸುದ್ದಿ ಏನೋ ಕೇಳಿಸ್ತಲ್ಲ?" ಎಂದೂ ಕೇಳಿದ.

"ಹೂಂ, ಪಕ್ಕದವನು ಒಳ್ಳೆ ಮನುಷ್ಯ ಅಂತಿದ್ದ ಇವನು," ಎಂದು ವ್ಯಾಪಾರಿ ಎದ್ದ. ಕೆಲಸಗಾರನ ಕಡೆ ತಿರುಗಿ, "ಇವನ್ನೆಲ್ಲ ಗುಜರಿಗೆ ಹಾಕು. ಹೊಸ ಕೊಳವೆ ಕಳಿಸ್ತೀನಿ, ಕೊರೆದಿಡು," ಎಂದು ಹೊರಟುಹೋದ.

ಪಕ್ಕದವನು ನಾಚಿ ನಕ್ಕ. ಬೆಂಕಿಪೊಟ್ಟಣವನ್ನು ಕೆಲಸಗಾರನ ಕೈಗೆ ಕೊಟ್ಟು, ಅವನ ಭುಜ ತಟ್ಟಿ ಹೋದ.

ಗುರು ಅಲ್ಲಿಗೆ ಕತೆ ಮುಗಿಸಿದರು. ಶಿಷ್ಯ ಕೇಳಿದ: "ಆಮೇಲಾದರೂ ಅವನು ಉಳಿ ಮುಚ್ಚಿಡುವುದನ್ನು ಬಿಟ್ಟನೇ?"

"ಬಿಟ್ಟ. ಈಗ ಪಕ್ಕದವನು ಬಂದರೆ ಉಳಿ ಅಲ್ಲೇ ಇರುತ್ತದೆ. ಕೆಲಸಗಾರನೇ ಹಿಂಬಾಗಿಲಿಂದ ಎದ್ದುಹೋಗುತ್ತಾನೆ."